ಆಟದ ಗಣಕಯಂತ್ರವೂ ಪರಿಮಾಣದ ವಿವೇಕವೂ

ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ಆಟಕ್ಕೆ ತಕ್ಕ ಗಣಕಯಂತ್ರವನ್ನು ತಾನೇ ಜೋಡಿಸುವೆನೆಂದು ಮಗನು ಹೇಳಿದಾಗ ಹಿರಿಯರಿಂದ ಬರುವ ಉತ್ತರ ಸಾಮಾನ್ಯವಾಗಿ ಎರಡು ಬಗೆಯದು. ಕೆಲವರು ಅದು ದುರ್ವ್ಯಸನವೆಂದು ಒಮ್ಮೆಗೇ ನಿರಾಕರಿಸುತ್ತಾರೆ. ಇನ್ನು ಕೆಲವರು, ಕೊಳ್ಳುವುದಾದರೆ ಅತ್ಯುತ್ತಮವಾದುದನ್ನೇ ಕೊಂಡುಬಿಡಲಿ, ಹತ್ತು ವರ್ಷ ಚಿಂತೆಯಿಲ್ಲವೆಂದು ಹಣ ಕೊಡುತ್ತಾರೆ. ಮೊದಲನೆಯ ಉತ್ತರ ವಿಚಾರದಿಂದ ತಪ್ಪಿಸಿಕೊಳ್ಳುತ್ತದೆ. ಎರಡನೆಯದು ದೂರದೃಷ್ಟಿಯ ವೇಷ ತೊಟ್ಟ ಪರಿಗ್ರಹವಲ್ಲದೆ ಬೇರೇನೂ ಅಲ್ಲ.

ಅತ್ಯುತ್ತಮವೆಂದರೆ ಯಾವ ಕೆಲಸಕ್ಕೆ? ಆಯ್ಕೆಯು ಪರದೆಯಿಂದ ಆರಂಭವಾಗಬೇಕು. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಬಿಂದುಗಳಿವೆ. 4ಕೆ ಪರದೆಯಲ್ಲಿ ಅದರ ನಾಲ್ಕರಷ್ಟು. ಪ್ರತಿ ಚಿತ್ರಕ್ಕೂ ಈ ಬಿಂದುಗಳ ಬಣ್ಣವನ್ನು ಲೆಕ್ಕ ಹಾಕುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಮನೆಯಲ್ಲಿರುವ ಪರದೆ ಚಿಕ್ಕದಾಗಿದ್ದು, ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಬಲ್ಲುದಾದರೆ, 200 ಚಿತ್ರಗಳನ್ನು ಸಿದ್ಧಪಡಿಸುವ ಕಾರ್ಡಿನ ಶಕ್ತಿಯಲ್ಲಿ ಬಹುಪಾಲು ವ್ಯರ್ಥವೇ ಸರಿ.

ಆ ವ್ಯರ್ಥಕ್ಕೆ ಬೆಲೆಯೂ ಉಂಟು. 2023ರಲ್ಲಿ ಬಂದ ಆರ್‌ಟಿಎಕ್ಸ್ 4060 ಕಾರ್ಡಿನ ವಿದ್ಯುತ್ ಮಿತಿ 115 ವ್ಯಾಟ್. 2025ರ ಜನವರಿಯಲ್ಲಿ ಬಂದ ಆರ್‌ಟಿಎಕ್ಸ್ 5090ರದು 575 ವ್ಯಾಟ್. ಪೂರ್ಣ ಭಾರದಲ್ಲಿ ದಿನಕ್ಕೆ 4 ಗಂಟೆ ನಡೆದರೆ ಈ ಅಂತರವೊಂದೇ ತಿಂಗಳಿಗೆ ಸುಮಾರು 55 ಯೂನಿಟ್ ಆಗುತ್ತದೆ. ಅದೆಲ್ಲವೂ ಕೊನೆಗೆ ಕೋಣೆಯ ಬಿಸಿಯಾಗುತ್ತದೆ.

ಮುಂದಿನ ದಿನಗಳಿಗೂ ಆಗಲೆಂಬ ವಾದವೂ ನಿಲ್ಲದು. 2022ರ ಅಕ್ಟೋಬರಿನಲ್ಲಿ ಆರ್‌ಟಿಎಕ್ಸ್ 4090 ಅದೇ ಸಾಲಿನ ಶಿಖರವಾಗಿತ್ತು. ಎರಡೂವರೆ ವರ್ಷ ತುಂಬುವ ಮೊದಲೇ ಆ ಪಟ್ಟ ಹೊಸದಕ್ಕೆ ಹೋಯಿತು. ಶಿಖರವನ್ನೇ ಬೆನ್ನಟ್ಟುವವನಿಗೆ ತೃಪ್ತಿಯೆಂಬುದಿಲ್ಲ. ಬಾಳಿಕೆ ಬರುವುದು ಅತಿಶಕ್ತಿಯಿಂದಲ್ಲ, ಬದಲಾಯಿಸಬಲ್ಲ ರಚನೆಯಿಂದ. ಎಎಂಡಿ ಸಂಸ್ಥೆಯ ಎಎಂ4 ಸಾಕೆಟ್ ಇದಕ್ಕೆ ನಿದರ್ಶನ: 2017ರಲ್ಲಿ ಕೊಂಡ ಅನೇಕ ಮದರ್‌ಬೋರ್ಡುಗಳಲ್ಲಿ, ಬಯಾಸ್ ನವೀಕರಿಸಿ, 2022ರ ರೈಜೆನ್ 7 5800ಎಕ್ಸ್3ಡಿ ಪ್ರೊಸೆಸರನ್ನು ಕೂರಿಸಲು ಸಾಧ್ಯವಾಯಿತು. ಒಂದು ಭಾಗ ಹೊಸದಾಯಿತು, ಉಳಿದವು ಕಸವಾಗಲಿಲ್ಲ.

ಜೋಡಣೆಯನ್ನೇ ನಿರಾಕರಿಸುವವರು ಗಮನಿಸಬೇಕಾದುದು ಇದನ್ನೇ. ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿದ ತೆಳು ಲ್ಯಾಪ್‌ಟಾಪ್ ಕೊಡಿಸುವುದಕ್ಕಿಂತ ಬಿಚ್ಚಿ ರಿಪೇರಿ ಮಾಡಬಲ್ಲ ಯಂತ್ರವೇ ಅಪರಿಗ್ರಹಕ್ಕೆ ಹತ್ತಿರವಾದುದು. ಹಿಂಸೆಯನ್ನೇ ವಿನೋದವಾಗಿಸುವ ಆಟಗಳಿಗೆ ಮನೆಯಲ್ಲಿ ಎಡೆ ಇರಬಾರದೆಂಬುದು ನಿಜ. ಆದರೆ ಆಟಗಳೆಲ್ಲ ಅಂಥವಲ್ಲ. ಹಿಂಸೆಯಾದರೂ ಪರದೆಯ ಮೇಲೆ ಮಾತ್ರವಿಲ್ಲ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಉತ್ಪತ್ತಿಯಾಯಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ಶೇ. 22.3 ಮಾತ್ರವೆಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿ ತಿಳಿಸಿದೆ. ತಾಮ್ರಕ್ಕಾಗಿ ತಂತಿ ಸುಡುವ, ಚಿನ್ನಕ್ಕಾಗಿ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದುವ ಬಡವರ ಶ್ವಾಸಕೋಶಕ್ಕೂ, ಆ ನೆಲದ ಜೀವರಾಶಿಗೂ ತಗಲುವ ನೋವಿನಲ್ಲಿ ಅನಗತ್ಯವಾಗಿ ಕೊಂಡವನ ಪಾಲೂ ಇದೆ.

ಮಿತವ್ಯಯವನ್ನು ತಪ್ಪಾದ ಕಡೆ ತೋರಿಸುವವರೂ ಕಡಿಮೆಯಿಲ್ಲ. ಗಾಜಿನ ಕ್ಯಾಬಿನೆಟ್ಟಿಗೂ ಬಣ್ಣದ ದೀಪಗಳಿಗೂ ಸಾವಿರಾರು ರೂಪಾಯಿ ಸುರಿದು, ಎಸ್‌ಎಂಪಿಎಸ್ ಮಾತ್ರ ಅಗ್ಗದ್ದನ್ನು ತರುತ್ತಾರೆ. ಕಳಪೆ ಎಸ್‌ಎಂಪಿಎಸ್ ಕೆಟ್ಟಾಗ ತಾನೊಂದೇ ಕೆಡದೆ ಉಳಿದ ಭಾಗಗಳನ್ನೂ ಕೆಡಿಸಬಲ್ಲುದು. ಆಡಂಬರವನ್ನು ಕಡಿಮೆ ಮಾಡಿ ಆ ಹಣವನ್ನು ಇಲ್ಲಿ ತೊಡಗಿಸುವುದೇ ನಿಜವಾದ ಮಿತವ್ಯಯ.

ಪರಿಮಾಣ ವ್ರತದ ಅರ್ಥ, ವಸ್ತು ಕಣ್ಣಿಗೆ ಬೀಳುವ ಮೊದಲೇ ಮಿತಿಯನ್ನು ನಿಶ್ಚಯಿಸುವುದು. ಯಾವ ಆಟ, ಯಾವ ಪರದೆ, ಎಷ್ಟು ಹಣ, ಎಷ್ಟು ವ್ಯಾಟ್ ಎಂಬ ನಾಲ್ಕು ಮಾತುಗಳನ್ನು ತಂದೆ ಮಗ ಇಬ್ಬರೂ ಕುಳಿತು ಕಾಗದದ ಮೇಲೆ ಬರೆದ ನಂತರವೇ ಅಂಗಡಿಯ ಮೆಟ್ಟಿಲು ಹತ್ತಲಿ. ಮುಂದೊಂದು ದಿನ ಭಾಗವನ್ನು ಬದಲಿಸಿದಾಗ ಹಳೆಯದು ಮೂಲೆ ಸೇರದೆ ಬಸದಿಯ ಪಾಠಶಾಲೆಯ ಗಣಕಯಂತ್ರಕ್ಕೆ ಸಲ್ಲಲಿ; ಅಂಥವನ್ನು ಪರೀಕ್ಷಿಸಿ ಸ್ವೀಕರಿಸುವ ವ್ಯವಸ್ಥೆಯನ್ನು ಟ್ರಸ್ಟುಗಳು ಮಾಡಲಿ. ಇಷ್ಟನ್ನೂ ಮಾಡದೆ ಮಕ್ಕಳ ಆಸೆಯನ್ನು ದೂರುವ ಅಧಿಕಾರ ಹಿರಿಯರಿಗಿಲ್ಲ.