ಗುರಿಕಾರನ ಪಟ್ಟಿ

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯು ನಮ್ಮ ಗುರಿಮೈದಾನಗಳಲ್ಲಿ ಕೇಳಿಬರುವ ಮಾತುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಗುಂಡು ಹಲಗೆಯ ಮೂಲೆಗೆ ಬಿತ್ತೆಂದರೆ ಬಂದೂಕು ಹಳೆಯದು, ನಳಿಗೆ ಸವೆದಿದೆ, ಗಾಳಿ ಬೀಸುತ್ತಿತ್ತು ಎಂದು ಹತ್ತು ಕಾರಣಗಳು ಹೊರಡುತ್ತವೆ. ಆದರೆ ಆ ಬಂದೂಕಿಗೇ ತೂಗಿಕೊಂಡಿರುವ ಪಟ್ಟಿಯ ಕಡೆಗೆ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ. ನಮ್ಮ ಎನ್.ಸಿ.ಸಿ. ಗೆಳೆಯರು ಅದನ್ನು ‘ಸ್ಲಿಂಗ್’ ಎನ್ನುತ್ತಾರೆ. ಕವಾಯಿತಿನಲ್ಲಿ ಬಂದೂಕನ್ನು ಹೆಗಲಿಗೆ ಹಾಕಿಕೊಳ್ಳುವ ಸಾಧನವೆಂದಷ್ಟೇ ಬಗೆಯುತ್ತಾರೆ. ಹೊರುವುದು ಅದರ ಅರ್ಧ ಕೆಲಸ ಮಾತ್ರ. ಬಂದೂಕನ್ನು ಅಲುಗದಂತೆ ಹಿಡಿಯುವುದು ಉಳಿದರ್ಧ. ಆದ್ದರಿಂದ ಪಟ್ಟಿಯನ್ನು ಆರಿಸುವವನು ಅಂಗಡಿಯ ಬೆಲೆಯನ್ನಲ್ಲ, ತನ್ನ ತೋಳನ್ನು ನೋಡಬೇಕು ಎಂಬುದೇ ಈ ಲೇಖನದಲ್ಲಿ ನಾನು ಹೇಳಹೊರಟ ಮಾತು.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ದೊಡ್ಡ ಪೀಠಿಕೆಯೇಕೆಂದು ವಾಚಕರು ಕೇಳಬಹುದು. ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ೬೦ ಸೆಂಟಿಮೀಟರು ಅಂತರವಿದೆಯೆಂದು ಭಾವಿಸೋಣ. ಗುಂಡು ಹಾರುವ ಕ್ಷಣದಲ್ಲಿ ಮುಂದಿನ ಸೈಟು ಒಂದೇ ಒಂದು ಮಿಲಿಮೀಟರು ಅತ್ತಿತ್ತ ಸರಿದರೆ, ೨೫ ಗಜ ದೂರದ ಹಲಗೆಯ ಮೇಲೆ ಗುಂಡು ಸುಮಾರು ೩೮ ಮಿಲಿಮೀಟರು ಸರಿಯುತ್ತದೆ. ೫೦ ಮೀಟರು ದೂರದಲ್ಲಿ ೮೩ ಮಿಲಿಮೀಟರು. ೫೦ ಮೀಟರು ಬಂದೂಕಿನ ಪಂದ್ಯದಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆಯಾದರೋ ಕೇವಲ ೧೦.೪ ಮಿಲಿಮೀಟರು. ಮಿಲಿಮೀಟರಿನ ಹತ್ತನೆಯ ಒಂದು ಪಾಲು ಅಲುಗಿದರೂ ಸಾಕು, ನಡುವೃತ್ತಕ್ಕೆ ಇಟ್ಟ ಗುರಿ ಅದರ ಆಚೆಗೆ ಹೋಗಿರುತ್ತದೆ. ಇಂತಹ ಕಡೆ ನಡುಗುವ ಸ್ನಾಯುವನ್ನು ನಂಬಿ ಕೂರುವುದು ಜಾಣತನವಲ್ಲ.

ತುಂಬಿದ ಕೊಡವನ್ನು ಚಾಚಿದ ಕೈಯಲ್ಲಿ ಹಿಡಿದವನ ತೋಳು ಒಂದೆರಡು ನಿಮಿಷದಲ್ಲಿ ನಡುಗಲಾರಂಭಿಸುತ್ತದೆ. ಅದೇ ಕೊಡವನ್ನು ಸೊಂಟದ ಮೇಲಿಟ್ಟ ಹೆಂಗಸು ಕೆರೆಯಿಂದ ಮನೆಯವರೆಗೆ ಮಾತನಾಡುತ್ತಲೇ ನಡೆದುಬರುತ್ತಾಳೆ. ಭಾರ ಒಂದೇ, ಒಬ್ಬನಲ್ಲಿ ಅದನ್ನು ಸ್ನಾಯು ಹೊತ್ತಿತು, ಇನ್ನೊಬ್ಬಳಲ್ಲಿ ಎಲುಬು ಹೊತ್ತಿತು. ಪಟ್ಟಿಯ ಮರ್ಮವೂ ಇದೇ. ಬಲಗೈಯವನು ಬೋರಲು ಮಲಗಿ ಎಡ ಮೊಣಕೈಯನ್ನು ನೆಲಕ್ಕೂರಿದಾಗ, ಪಟ್ಟಿಯು ಅವನ ಎಡ ಮೇಲ್ತೋಳನ್ನು ಸುತ್ತಿ, ಮಣಿಕಟ್ಟಿನ ಪಕ್ಕದಿಂದ ಹಾದು, ಬಂದೂಕಿನ ಮುಂದಿನ ಬಳೆಗೆ ಸೇರುತ್ತದೆ. ಮೇಲ್ತೋಳು, ಮುಂದೋಳು, ಪಟ್ಟಿ ಈ ಮೂರೂ ಸೇರಿ ಒಂದು ತ್ರಿಕೋನವಾಗುತ್ತವೆ. ಬಂದೂಕಿನ ಭಾರ ಪಟ್ಟಿಯ ಎಳೆತಕ್ಕೂ ಮುಂದೋಳಿನ ಎಲುಬಿಗೂ ಹಂಚಿಹೋಗುತ್ತದೆ. ಎಡಗೈ ಹಿಡಿಯಬೇಕಾಗಿಲ್ಲ, ಬಂದೂಕು ಅಂಗೈಯ ಮೇಲೆ ಸುಮ್ಮನೆ ಒರಗಿದ್ದರೆ ಸಾಕು.

ಇದಕ್ಕೆ ಕೆಲವರು ಆಕ್ಷೇಪಣೆ ತೆಗೆಯುವುದುಂಟು: “ಪಟ್ಟಿಯನ್ನು ಕಟ್ಟಿಕೊಂಡು ಹೊಡೆಯುವುದು ಊರುಗೋಲು ಹಿಡಿದು ಓಟದ ಪಂದ್ಯಕ್ಕೆ ನಿಂತಂತೆ, ಇದರಲ್ಲಿ ಗಂಡಸುತನವೆಲ್ಲಿ?” ಎಂದು. ಈ ಮಾತು ನನಗೆ ಒಪ್ಪಿಗೆಯಲ್ಲ. ಅಂತರರಾಷ್ಟ್ರೀಯ ನಿಯಮಗಳೇ ಮಲಗಿ ಹೊಡೆಯುವಾಗ, ಮೊಣಕಾಲೂರಿ ಹೊಡೆಯುವಾಗ ಪಟ್ಟಿಯನ್ನು ಅಂಗೀಕರಿಸಿವೆ. ನಿಂತು ಹೊಡೆಯುವಾಗ ನಿಷೇಧಿಸಿವೆ. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಅವರು ಕಂಚಿನ ಪದಕ ಪಡೆದ ೫೦ ಮೀಟರು ಪಂದ್ಯದಲ್ಲಿ ಈ ಮೂರು ಭಂಗಿಗಳೂ ಇದ್ದವು. ೨೦೦೮ರಲ್ಲಿ ಬೀಜಿಂಗಿನಲ್ಲಿ ಚಿನ್ನದ ಪದಕ ಗೆದ್ದ ಅಭಿನವ್ ಬಿಂದ್ರಾ ಅವರ ೧೦ ಮೀಟರು ಗಾಳಿಬಂದೂಕಿನ ಪಂದ್ಯವಾದರೋ ಪೂರ್ತಿ ನಿಂತೇ ಹೊಡೆಯುವಂಥದು. ಅಲ್ಲಿ ಪಟ್ಟಿಗೆ ಎಡೆಯೇ ಇಲ್ಲ. ಇದರಿಂದ ತಿಳಿಯುವುದೇನು? ಪಟ್ಟಿಯು ಅಪರಾಧವೂ ಅಲ್ಲ, ಸರ್ವೌಷಧವೂ ಅಲ್ಲ. ಎಲ್ಲಿ ಸಲ್ಲುತ್ತದೋ ಅಲ್ಲಿ ಅದನ್ನು ಸರಿಯಾಗಿ ಬಳಸಬಲ್ಲವನೂ, ಸಲ್ಲದ ಕಡೆ ಅದಿಲ್ಲದೆ ನಿಲ್ಲಬಲ್ಲವನೂ ನಿಜವಾದ ಗುರಿಕಾರ.

ಇನ್ನು ಆಯ್ಕೆಯ ಮಾತು. ಸ್ಥೂಲವಾಗಿ ಪಟ್ಟಿಗಳಲ್ಲಿ ಮೂರು ಬಗೆ. ಮೊದಲನೆಯದು ಬಂದೂಕಿನ ಎರಡು ತುದಿಗೂ ಸಿಕ್ಕಿಸಿದ, ಹೆಗಲಿಗೆ ಹಾಕುವ ಸಾಮಾನ್ಯ ಪಟ್ಟಿ. ಲೀ-ಎನ್‌ಫೀಲ್ಡ್ ಬಂದೂಕಿನೊಡನೆ ಬರುತ್ತಿದ್ದ ನೂಲಿನ ಪಟ್ಟಿ ಇದೇ ಜಾತಿಯದು. ಇದರೊಳಗೆ ತೋಳನ್ನು ತೂರಿಸಿ ಒಂದು ಸುತ್ತು ಸುತ್ತಿಕೊಂಡರೆ ಅವಸರಕ್ಕೆ ಒಂದಿಷ್ಟು ಆಧಾರ ದೊರೆಯುತ್ತದೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ನಡೆಯುತ್ತವಷ್ಟೆ. ಅಂತಹ ಕಡೆ ಕೋವಿಯನ್ನು ಹೆಗಲಿಗೇರಿಸಿ ತರುವವನಿಗೆ ಈ ಬಗೆಯೇ ಸಾಕು. ಎರಡನೆಯದು ಪಟ್ಟಿಯಲ್ಲೇ ತೋಳಿಗೊಂದು ಕುಣಿಕೆ ಮಾಡಿಕೊಳ್ಳುವಂಥದು. ೧೯೦೭ರ ಮಾದರಿಯೆಂದು ಹೆಸರಾದ ಅಮೆರಿಕದ ಸೈನ್ಯದ ತೊಗಲಿನ ಪಟ್ಟಿ ಇದಕ್ಕೆ ಪ್ರಸಿದ್ಧ ನಿದರ್ಶನ. ಸಾಲಾಗಿ ಕೊರೆದ ತೂತುಗಳೂ ಹಿತ್ತಾಳೆಯ ಕೊಕ್ಕೆಗಳೂ ಅದಕ್ಕಿರುತ್ತವೆ. ಮೂರನೆಯದು ಪಂದ್ಯಕ್ಕೆಂದೇ ಮಾಡಿದ್ದು: ತೋಳಿಗೆ ಅಗಲವಾದ ಒಂದು ಕಟ್ಟು, ಅಲ್ಲಿಂದ ಮುಂದಿನ ಕೊಂಡಿಗೆ ಒಂದೇ ಎಳೆ. ಇದರಿಂದ ಬಂದೂಕನ್ನು ಹೊರಲಾಗದು, ಆದರೆ ಹಿಡಿತದಲ್ಲಿ ಇದನ್ನು ಮೀರಿಸುವುದು ಕಷ್ಟ.

ಬಗೆ ಯಾವುದೇ ಇರಲಿ, ನೋಡಬೇಕಾದ ಗುಣಗಳು ಮೂರು. ಒಂದು, ಪಟ್ಟಿ ಹಿಗ್ಗಬಾರದು. ರಬ್ಬರಿನಂತೆ ಜಗ್ಗುವ ಮೆತ್ತನೆಯ ಪಟ್ಟಿ ಹೆಗಲಿಗೆ ಸುಖ, ಗುರಿಗೆ ಶತ್ರು. ತೊಗಲು ಒಳ್ಳೆಯದೇ, ಆದರೆ ಬೆವರನ್ನೂ ಮಲೆನಾಡಿನ ಮಳೆಗಾಲವನ್ನೂ ಕುಡಿದು ಅದು ಹಿಗ್ಗುತ್ತದೆ, ಬೂಷ್ಟು ಹಿಡಿಯುತ್ತದೆ, ಆಗಾಗ ಒರೆಸಿ ಎಣ್ಣೆ ಹಚ್ಚುವ ತಾಳ್ಮೆಯಿದ್ದವನಿಗೆ ಮಾತ್ರ ಅದು ತಕ್ಕದ್ದು. ಬಿಗಿಯಾಗಿ ನೆಯ್ದ ನೂಲಿನ ಪಟ್ಟಿ ಬಡವನಿಗೆ ಹೇಳಿಮಾಡಿಸಿದ್ದು. ಎರಡು, ಅಗಲ. ತೀರ ಕಿರಿದಾದುದು ದಾರದಂತೆ ತೋಳನ್ನು ಕೊಯ್ಯುತ್ತದೆ. ಪಂದ್ಯದ ನಿಯಮದಂತೆ ಅಗಲವು ೪೦ ಮಿಲಿಮೀಟರನ್ನು ಮೀರುವಂತಿಲ್ಲ. ಮೂರು, ಅಳತೆ ಗುರುತಿಟ್ಟುಕೊಳ್ಳುವ ಅನುಕೂಲ. ಇಂದು ಯಾವ ತೂತಿಗೆ ಸಿಕ್ಕಿಸಿದೆನೋ ನಾಳೆಯೂ ಅದೇ ತೂತಿಗೆ ಸಿಕ್ಕಿಸುವಂತಿರಬೇಕು. ಇವುಗಳಲ್ಲಿ ಮೂರನೆಯದೇ ಮುಖ್ಯವೆಂದು ನನ್ನ ಎಣಿಕೆ. ಪಟ್ಟಿಯ ಬಿಗಿ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ನಳಿಗೆಯ ಉದ್ದಕ್ಕೂ ಮರ ಹೊದಿಸಿದ ಹಳೆಯ ಸೈನಿಕ ಬಂದೂಕುಗಳಲ್ಲಿ ಇದು ಇನ್ನೂ ಹೆಚ್ಚು.

ಕಟ್ಟಿಕೊಳ್ಳುವುದರಲ್ಲಿಯೂ ವಿವೇಕ ಬೇಕು. ಮೇಲ್ತೋಳಿನ ಒಳಮಗ್ಗುಲಲ್ಲಿ ದೊಡ್ಡ ರಕ್ತನಾಳವೊಂದು ಹಾದುಹೋಗುತ್ತದೆ. ಪಟ್ಟಿ ಅದನ್ನು ಒತ್ತಿದರೆ ಎದೆಯ ಬಡಿತ ಬಂದೂಕಿಗೇ ಮುಟ್ಟಿ, ಪ್ರತಿ ಬಡಿತಕ್ಕೂ ಸೈಟು ಕುಣಿಯುವುದು ಕಣ್ಣಿಗೆ ಕಾಣುತ್ತದೆ. ಆದ್ದರಿಂದ ಪಟ್ಟಿಯನ್ನು ತೋಳಿನ ಮೇಲುಗಡೆಗೆ ಏರಿಸಿ, ಎಳೆತವು ಹೊರಮಗ್ಗುಲಿಂದ ಬರುವಂತೆ ತಿರುಗಿಸಿ, ಕೆಳಗೆ ದಪ್ಪ ಬಟ್ಟೆಯಿರುವಂತೆ ನೋಡಿಕೊಳ್ಳಬೇಕು. ಬೆರಳು ಜೋಮು ಹಿಡಿದರೆ ಬಿಗಿ ಹೆಚ್ಚಾಯಿತು. ಎಡಗೈಯನ್ನು ಸಡಿಲಿಸಿದೊಡನೆ ಬಂದೂಕು ಕುಸಿದರೆ ಕಡಿಮೆಯಾಯಿತು. ಆಮೇಲೆ ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಕಣ್ಣು ತೆರೆಯಬೇಕು. ಸೈಟು ಗುರಿಯ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಅದನ್ನು ಎಳೆದುತರದೆ, ಇಡೀ ಮೈಯನ್ನೇ ತುಸು ಸರಿಸಬೇಕು. ಕೈಯಿಂದ ಎಳೆದರೆ ಮತ್ತೆ ಸ್ನಾಯುವಿನ ಕೈಗೇ ಸಿಕ್ಕಿದಂತಾಯಿತು.

ಇಷ್ಟೆಲ್ಲ ವಿವರಿಸಿದ ಉದ್ದೇಶ ಬೇರೊಂದಿದೆ. ಗುರಿ ಹೊಡೆಯುವುದು ಹಣವಂತರ ಆಟವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬಹುಮಟ್ಟಿಗೆ ಅದು ನಿಜವೂ ಹೌದು. ಪಂದ್ಯದ ಬಂದೂಕು, ದಪ್ಪ ಅಂಗಿ, ಕೈಗವಸು, ಬೂಟು ಇವನ್ನೆಲ್ಲ ಕೊಳ್ಳುವುದು ಸರ್ಕಾರಿ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ನಂಬಿ ಓದುವವರಿಗೆ ಕನಸಿನ ಮಾತು. ಅವರ ಪಾಲಿಗೆ ಇರುವ ಬಾಗಿಲು ಎನ್.ಸಿ.ಸಿ. ಒಂದೇ. ಅಲ್ಲಿಯೂ ಕೈಗೆ ಬರುವ ತೋಟಾಗಳು ಬೆರಳೆಣಿಕೆಯವು. ಆ ಕೆಲವೇ ತೋಟಾಗಳಲ್ಲಿ ಒಬ್ಬ ಹುಡುಗನೋ ಹುಡುಗಿಯೋ ತನ್ನ ಯೋಗ್ಯತೆಯನ್ನು ತೋರಿಸಬೇಕು. ಥಲ್ ಸೈನಿಕ್ ಶಿಬಿರದಂತಹ ಕಡೆಗೆ ಆಯ್ಕೆಯಾಗುವ ಆಸೆಯೂ ಅದರಲ್ಲೇ ಅಡಗಿದೆ. ಮೊದಲ ಮೂರು ತೋಟಾಗಳು ಪಟ್ಟಿಯನ್ನು ಸರಿಪಡಿಸಿಕೊಳ್ಳುವುದರಲ್ಲೇ ಮುಗಿದರೆ ಉಳಿಯುವುದೇನು?

ಪಟ್ಟಿಯ ಅಭ್ಯಾಸಕ್ಕಾದರೋ ತೋಟಾ ಬೇಕಿಲ್ಲ. ಆದ್ದರಿಂದ ನಮ್ಮ ಅಧ್ಯಾಪಕವರ್ಗದವರಲ್ಲಿಯೂ ಎನ್.ಸಿ.ಸಿ. ಅಧಿಕಾರಿಗಳಲ್ಲಿಯೂ ನನ್ನ ವಿನಂತಿ ಇಷ್ಟು. ಗುರಿಮೈದಾನಕ್ಕೆ ಹೋಗುವ ಮೊದಲು ಕೆಲವು ಸಂಜೆಗಳಾದರೂ, ಅಧಿಕಾರಿಗಳ ಕಣ್ಣೆದುರಿಗೆ, ಖಾಲಿಯೆಂದು ಪರೀಕ್ಷಿಸಿದ ಬಂದೂಕಿನೊಡನೆ, ಪಟ್ಟಿ ಕಟ್ಟಿ ಮಲಗುವ ಅಭ್ಯಾಸ ನಡೆಯಲಿ. ಪ್ರತಿಯೊಬ್ಬರೂ ತಮ್ಮ ತೋಳಿಗೊಪ್ಪುವ ಅಳತೆಯನ್ನು ಕಂಡುಕೊಂಡು ಪುಸ್ತಕದಲ್ಲಿ ಬರೆದಿಡಲಿ. ಕ್ರೀಡಾನಿಧಿಯಿಂದ ಪಂದ್ಯದ ಪಟ್ಟಿಗಳನ್ನು ನಾಲ್ಕೈದಾದರೂ ಕೊಂಡಿಡಲಿ. ಒಂದು ಕ್ರಿಕೆಟ್ ಬ್ಯಾಟು ಹೊಸದಾಗಿ ಬಂದಾಗ ತೋರುವ ಉತ್ಸಾಹದಲ್ಲಿ ಕಾಲುಭಾಗವನ್ನು ಇದಕ್ಕೂ ತೋರಿದರೆ ಸಾಕು. ಲೋಕಸಭೆಯ ಮೊದಲ ಅಧ್ಯಕ್ಷರಾದ ಜಿ. ವಿ. ಮಾವಳಂಕರ್ ಅವರು ೧೯೫೧ರಲ್ಲಿ ರಾಷ್ಟ್ರೀಯ ರೈಫಲ್ ಸಂಘದ ಸ್ಥಾಪನೆಗೆ ಮುಂದಾದದ್ದನ್ನು ನೆನೆದರೆ, ಈ ವಿದ್ಯೆಯನ್ನು ಕೇವಲ ಯುದ್ಧದ ಸಿದ್ಧತೆಯೆಂದಾಗಲಿ ಸಿರಿವಂತರ ವಿನೋದವೆಂದಾಗಲಿ ತಳ್ಳಿಹಾಕುವುದು ಸರಿಯಲ್ಲವೆಂದು ತೋರುತ್ತದೆ.

ಒಳ್ಳೆಯ ಬಂದೂಕು ಎಲ್ಲರಿಗೂ ದೊರೆಯಲಾರದು. ಆದರೆ ತನ್ನ ತೋಳಿಗೆ ಸರಿಹೊಂದಿಸಿದ ಪಟ್ಟಿ ಎಲ್ಲರಿಗೂ ದೊರೆಯಬಲ್ಲುದು. ದೊರೆಯಬಲ್ಲುದನ್ನು ಬಿಟ್ಟು ದೊರೆಯಲಾರದುದಕ್ಕೆ ಕೊರಗುವುದು ವಿದ್ಯಾರ್ಥಿಗಳಾದ ನಮಗೆ ತಕ್ಕುದಲ್ಲ.