ಪಾರ್ಶ್ವವಾಯು: ಬೆಳಗಾಗುವವರೆಗೆ ಕಾಯಬಾರದೇಕೆ?

ಪಾರ್ಶ್ವವಾಯು ಬಡಿದವರನ್ನು ರಾತ್ರಿಯೆಲ್ಲ ಮನೆಯಲ್ಲೇ ಮಲಗಿಸಿ, ಬೆಳಗಾದ ಮೇಲೆ ನಾಟಿ ಔಷಧಿ ಕೊಡುವವರ ಊರಿಗೆ ಕರೆದೊಯ್ಯುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಂಟು. ಸದ್ಭಕ್ತರು ಈ ರೂಢಿಯನ್ನು ಬಿಡಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕಾರಣವು ಮೆದುಳಿನ ಕಿಣ್ವಗಳ ವರ್ತನೆಯಲ್ಲಿದೆ.

ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ. 2, ಆದರೆ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ಕಣಜವಂತೂ ಅದಕ್ಕಿಲ್ಲ. ನರಕೋಶದ ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಎಟಿಪೇಸ್ ಎಂಬ ಕಿಣ್ವವು ಹಗಲಿರುಳು ಸೋಡಿಯಂ ಅನ್ನು ಹೊರಹಾಕುವ ಕಾಯಕದಲ್ಲಿರುತ್ತದೆ. ರಕ್ತನಾಳ ಕಟ್ಟಿಕೊಂಡ ಕೆಲವೇ ನಿಮಿಷಗಳಲ್ಲಿ ಶಕ್ತಿ ಸಾಲದೆ ಅದು ನಿಲ್ಲುತ್ತದೆ. ಸೋಡಿಯಂ, ಅದರ ಬೆನ್ನಿಗೆ ನೀರು ಒಳನುಗ್ಗಿ ಕೋಶವು ಊದಿಕೊಳ್ಳುತ್ತದೆ. ಕ್ಯಾಲ್ಸಿಯಂ ಮಿತಿಮೀರಿ ಸೇರುತ್ತದೆ. ಆಗ ಕ್ಯಾಲ್ಪೈನ್ ಎಂಬ ಕಿಣ್ವ ಕೋಶದ ಒಳಹಂದರವನ್ನು ಕತ್ತರಿಸತೊಡಗಿದರೆ, ಫಾಸ್ಫೋಲೈಪೇಸ್ ಪೊರೆಯನ್ನೇ ಒಡೆಯುತ್ತದೆ. ಹದವರಿತು ದುಡಿಯುತ್ತಿದ್ದ ಆಳುಗಳೇ ಮನೆ ಕೆಡವತೊಡಗಿದ ಸ್ಥಿತಿ. ಮುಂದಿನ ಗಂಟೆಗಳಲ್ಲಿ ಎಂಎಂಪಿ-9 ಎಂಬ ಇನ್ನೊಂದು ಕಿಣ್ವ ಹೆಚ್ಚಿ ರಕ್ತನಾಳಗಳ ಗೋಡೆಯನ್ನು ಸಡಿಲಗೊಳಿಸುತ್ತದೆ.

ಸೋಜಿಗವೆಂದರೆ, ಇದಕ್ಕೆ ಕೊಡುವ ಟಿಪಿಎ ಎಂಬ ಚುಚ್ಚುಮದ್ದೂ ಒಂದು ಕಿಣ್ವವೇ. ಅದು ನಮ್ಮ ರಕ್ತದಲ್ಲೇ ಇರುವ ಪ್ಲಾಸ್ಮಿನೋಜನ್ ಅನ್ನು ಪ್ಲಾಸ್ಮಿನ್ ಆಗಿ ಮಾರ್ಪಡಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುತ್ತದೆ. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತಡವಾದರೆ ಉಳಿಸಿಕೊಳ್ಳಬಹುದಾದ ಮೆದುಳಿನ ಭಾಗ ಕುಗ್ಗಿರುತ್ತದೆ, ಸಡಿಲಗೊಂಡ ನಾಳಗಳಿಂದ ರಕ್ತಸ್ರಾವದ ಭಯ ಹೆಚ್ಚಿರುತ್ತದೆ. ಕಟ್ಟಿರುವುದೋ ನಾಳ ಒಡೆದಿರುವುದೋ ಎಂಬುದು ಸಿ.ಟಿ. ಸ್ಕ್ಯಾನ್ ಇಲ್ಲದೆ ತಿಳಿಯದು; ಆದ್ದರಿಂದ ಆ ಸೌಲಭ್ಯವಿರುವ ಆಸ್ಪತ್ರೆಗೇ ಹೋಗಬೇಕು.

ಜಾತ್ರೆಯಲ್ಲೂ ಮಾಸಿಕ ಶಿವಾನುಭವ ಗೋಷ್ಠಿಯಲ್ಲೂ ಐದು ನಿಮಿಷ ಇದಕ್ಕೆ ಮೀಸಲಿಡುವುದು ಸೂಕ್ತವೆಂದು ಪೂಜ್ಯರಲ್ಲಿ ಬಿನ್ನವಿಸುತ್ತೇನೆ. ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ ನೀರು, ಕಷಾಯ, ಕರುಣೆಯ ಪ್ರಸಾದವನ್ನೂ ಬಾಯಿಗೆ ಹಾಕಬಾರದು. ಹಣೆಗೆ ವಿಭೂತಿ ಧರಿಸಿ ಪ್ರಾರ್ಥಿಸಲು ಅಡ್ಡಿಯಿಲ್ಲ, ಅದನ್ನು ಆಂಬುಲೆನ್ಸಿನಲ್ಲಿ ಮಾಡಿದರಾಯಿತು. ರೋಗಿ ಕೊನೆಯದಾಗಿ ಸರಿಯಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದೇ ಅದನ್ನು.