ಹಾರ ಸಾಕು, ಕಮ್ಮಟ ಬೇಕು

2009ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಅನಾವರಣಗೊಂಡಿತು. ಕೆಲವೇ ದಿನಗಳಲ್ಲಿ ನಮ್ಮ ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಿತು. ಅಂದು ಹಿಗ್ಗದ ಚೆನ್ನೈ ಕನ್ನಡಿಗನಿರಲಾರ. ಆದರೆ ಒಂದು ಮಾತನ್ನು ಯೋಚಿಸಬೇಕು. ಸರ್ವಜ್ಞ ಒಂದೆಡೆ ನಿಂತವನಲ್ಲ. ಊರೂರು ತಿರುಗಿ, ಜನ ಸೇರಿದಲ್ಲಿ ನಿಂತು, ಅವರ ಮಾತಿನಲ್ಲೇ ತ್ರಿಪದಿ ಕಟ್ಟಿ ಹೇಳಿದವನು ಎಂಬುದು ನಾಡಿನ ನಂಬಿಕೆ. ಅಂಥವನನ್ನು ಪೀಠದ ಮೇಲೆ ನಿಲ್ಲಿಸಿ, ಆಗೊಮ್ಮೆ ಈಗೊಮ್ಮೆ ಹಾರ ಹಾಕಿ ಕೈಮುಗಿದು ಬರುತ್ತೇವೆ. ಕಲ್ಲಿನ ಕವಿಗೆ ಅಷ್ಟು ಸಾಕು. ಬದುಕಿರುವ ಸಾಹಿತಿಗಳನ್ನೂ ನಾವು ಹೀಗೆಯೇ ನಡೆಸಿಕೊಳ್ಳುತ್ತಿದ್ದೇವಲ್ಲ, ಅದಕ್ಕೆ ನನ್ನ ಆಕ್ಷೇಪಣೆ.

ನಮ್ಮ ರಾಜ್ಯೋತ್ಸವದ ಸಭೆಗಳನ್ನು ನೋಡಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವುದು, ವರದಿ ವಾಚನ, ಅತಿಥಿಗಳ ಪರಿಚಯ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಛಾಯಾಚಿತ್ರ. ಇಷ್ಟೆಲ್ಲ ಮುಗಿದ ಮೇಲೆ, ಮುನ್ನೂರೈವತ್ತು ಕಿಲೋಮೀಟರು ದೂರದಿಂದ ಬಂದ ಲೇಖಕರ ಕೈಗೆ ಮೈಕು ಕೊಟ್ಟು, “ಸಮಯದ ಅಭಾವವಿದೆ, ಹತ್ತು ನಿಮಿಷದಲ್ಲಿ ಮುಗಿಸಬೇಕು” ಎಂದು ಚೀಟಿ ಕಳಿಸುತ್ತೇವೆ. ಅಷ್ಟರಲ್ಲಿ ಊಟದ ಮನೆಯಿಂದ ಬಿಸಿಬೇಳೆಬಾತಿನ ಘಮಲು ಬರುತ್ತದೆ. ಮಕ್ಕಳು ನೃತ್ಯದ ವೇಷ ತೊಟ್ಟು ಪರದೆಯ ಹಿಂದೆ ಕಾಯುತ್ತಿರುತ್ತಾರೆ. ಲೇಖಕರು “ಹೊರನಾಡಿನಲ್ಲಿ ನಿಮ್ಮ ಕನ್ನಡಾಭಿಮಾನ ಕಂಡು ಹೃದಯ ತುಂಬಿತು” ಎಂದು ಹೇಳಿ ಕುಳಿತುಕೊಳ್ಳುತ್ತಾರೆ. ಪಾಪ, ಅವರಾದರೂ ಬೇರೇನು ಹೇಳಿಯಾರು? ಅವರ ಒಂದು ಪುಸ್ತಕವನ್ನಾದರೂ ಓದಿ ಬಂದವರು ಸಭೆಯಲ್ಲಿ ಎಷ್ಟು ಮಂದಿ?

ಕನ್ನಡ ಸಾಹಿತಿಗೂ ಜನಕ್ಕೂ ಇದ್ದ ಸಂಬಂಧ ಹೀಗಿರಲಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ಅಲೆದು ಓದುಗರನ್ನು ಹುಟ್ಟಿಸಿದರು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘ ಬಿ. ಎಂ. ಶ್ರೀಕಂಠಯ್ಯನವರನ್ನು ಕರೆಸಿದ್ದು ಶಾಲು ಹೊದಿಸುವುದಕ್ಕಲ್ಲ. ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಆ ಉಪನ್ಯಾಸವನ್ನು ಇಂದಿಗೂ ನಾಡು ನೆನೆಯುತ್ತದೆ. ಸಾಗರದ ಬಳಿಯ ಹೆಗ್ಗೋಡೆಂಬ ಅಡಕೆ ತೋಟಗಳ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಏನು ಮಾಡಿತು? ಕೆ. ವಿ. ಸುಬ್ಬಣ್ಣನವರು ಲೇಖಕರನ್ನೂ ಕಲಾವಿದರನ್ನೂ ಕರೆದು, ಶಿಬಿರಾರ್ಥಿಗಳ ನಡುವೆ ದಿನಗಟ್ಟಲೆ ಕೂರಿಸಿದರು. ಪ್ರಶ್ನೆ ಕೇಳಿಸಿದರು, ಜಗಳವಾಡಿಸಿದರು. 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಆ ಹಳ್ಳಿಗೆ ಬಂತು. ಹಳ್ಳಿಗೆ ಸಾಧ್ಯವಾದದ್ದು ಮಹಾನಗರದ ಸಂಘಗಳಿಗೆ ಅಸಾಧ್ಯವೇ?

ಬೇರೆಡೆ ಹೋಗುವುದೇಕೆ, ನಾವಿರುವ ಊರನ್ನೇ ನೋಡೋಣ. ಇಲ್ಲಿನ ಮ್ಯೂಸಿಕ್ ಅಕಾಡೆಮಿಯ ಡಿಸೆಂಬರ್ ಉತ್ಸವದಲ್ಲಿ ಸಂಜೆ ಕಚೇರಿ, ಬೆಳಗ್ಗೆ ಉಪನ್ಯಾಸ ಮತ್ತು ಪ್ರಾತ್ಯಕ್ಷಿಕೆ. ರಾಗದ ಒಳಗುಟ್ಟನ್ನು ವಿದ್ವಾಂಸರು ಬಿಡಿಸಿ ಹೇಳುತ್ತಾರೆ, ರಸಿಕರು ಕಿವಿಗೊಟ್ಟು ಕೇಳುತ್ತಾರೆ. ಈ ನಗರದಲ್ಲಿ ಸಂಗೀತಕ್ಕೆ ತಿಳಿದ ಕೇಳುಗರು ತಾವಾಗಿ ಮೊಳೆಯಲಿಲ್ಲ, ಅವರನ್ನು ಬೆಳೆಸಲಾಯಿತು. ಸಂಗೀತಗಾರರನ್ನು ಕರೆಸಿ “ಹತ್ತು ನಿಮಿಷ ಹಾಡಿ, ಶಾಲು ತೆಗೆದುಕೊಂಡು ಹೋಗಿ” ಎಂದು ಯಾವ ಸಭೆಯೂ ಹೇಳುವುದಿಲ್ಲ. ಸಾಹಿತಿಗೆ ಮಾತ್ರ ಹೇಳುತ್ತೇವೆ.

ಇದು ಬರಿಯ ಶಿಷ್ಟಾಚಾರದ ಪ್ರಶ್ನೆಯಲ್ಲ. ನಮ್ಮ ಮನೆಗಳಲ್ಲಿ ಕನ್ನಡ ಉಳಿಯುವುದೋ ಅಳಿಯುವುದೋ ಎಂಬ ಪ್ರಶ್ನೆ. 2006ರ ಕಾಯ್ದೆ ತಮಿಳುನಾಡಿನ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ತಮಿಳನ್ನು ಹಂತಹಂತವಾಗಿ ಕಡ್ಡಾಯ ಮಾಡಿತು. ತಮಿಳು ಕಲಿಯುವುದರಲ್ಲಿ ತಪ್ಪಿಲ್ಲ. ಅನ್ನವಿಟ್ಟ ನೆಲದ ಮಾತನ್ನು ಮಕ್ಕಳು ಚೆನ್ನಾಗಿಯೇ ಕಲಿಯಲಿ. ಆದರೆ ತಮಿಳು, ಇಂಗ್ಲಿಷುಗಳ ನಡುವೆ ಕನ್ನಡದ ಅಕ್ಷರಕ್ಕೆ ಶಾಲೆಯಲ್ಲಿ ಎಡೆ ಕಿರಿದಾದಾಗ ಆ ಹೊಣೆ ಯಾರ ಮೇಲೆ ಬಿತ್ತು? ಮನೆಯ ಮೇಲೆ ಮತ್ತು ಸಂಘದ ಮೇಲೆ. ನಮ್ಮ ಎಷ್ಟೋ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲಾರರು. ಸಂಘ ಅವರ ಕೈಗೆ ಬಾವುಟ ಕೊಡುತ್ತದೆ, ಪುಸ್ತಕ ಕೊಡುವುದಿಲ್ಲ.

“ಹೊರನಾಡಿನ ಮಕ್ಕಳಿಗೆ ಸಾಹಿತ್ಯವೆಲ್ಲ ಎಲ್ಲಿ ಹತ್ತೀತು?” ಎನ್ನುವವರಿಗೆ ಒಂದು ಉತ್ತರವಿದೆ. 1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇದೇ ಮದರಾಸಿನಲ್ಲಿ ನಡೆಯಿತು. ಅಧ್ಯಕ್ಷರಾಗಿದ್ದವರು ಟಿ. ಪಿ. ಕೈಲಾಸಂ. ಅವರ ಮನೆಮಾತು ತಮಿಳು. ಓದಿದ್ದು ಇಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಗೆಳೆಯರ ನಡುವೆ ಕುಳಿತು ಆಡಿ ತೋರಿಸುತ್ತಾ, ಹೇಳಿ ಬರೆಸುತ್ತಾ ಕನ್ನಡ ನಾಟಕವನ್ನು ಬೆಳೆಸಿದ ಪುಣ್ಯಾತ್ಮರು ಅವರು. ಶ್ರೀಕಂಠಯ್ಯನವರ ಮನೆಮಾತೂ ತಮಿಳೇ. ಭಾಷೆ ರಕ್ತದಿಂದ ಬರುವುದಲ್ಲ, ಒಡನಾಟದಿಂದ ಬರುವುದು ಎಂಬುದಕ್ಕೆ ಇವರಿಗಿಂತ ಸಾಕ್ಷಿ ಬೇಕೆ? ಆ ಒಡನಾಟವನ್ನು ಒದಗಿಸುವುದೇ ಸಂಘದ ಕೆಲಸ.

ಕಮ್ಮಟವೆಂದರೆ ಹಿಂದೆ ನಾಣ್ಯ ಅಚ್ಚುಹಾಕುವ ಜಾಗ. ಸಾಹಿತ್ಯದ ಕಮ್ಮಟದಲ್ಲಿಯೂ ಕೇಳಿಬಂದವರು ಏನಾದರೊಂದು ಮಾಡಿಕೊಂಡು ಹೋಗಬೇಕು. ಲೇಖಕರು ಒಂದು ಕಥೆ ಓದಲಿ, ಅದನ್ನು ಹೇಗೆ ಬರೆದೆನೆಂದು ಹೇಳಲಿ. ಬಳಿಕ ಇಪ್ಪತ್ತು ಜನ ಕುಳಿತು ಒಂದೊಂದು ಪುಟ ಬರೆಯಲಿ. ಲೇಖಕರು ಅದನ್ನು ತಿದ್ದಲಿ. ಎರಡು ಭಾಷೆ ಬಲ್ಲ ನಮ್ಮ ಯುವಕರು ಒಂದು ತಮಿಳು ಕಥೆಯನ್ನು ಕನ್ನಡಕ್ಕೆ ತರಲಿ. ಹಿರಿಯರು ತಾವು ಕಂಡದ್ದನ್ನು ಬರೆಯಲಿ. ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೇ ಸೇರಿತ್ತು. ಓದಿಗೆ, ಕಚೇರಿಗೆ, ಹೋಟೆಲು ಕೆಲಸಕ್ಕೆ ಅಲ್ಲಿಂದ ಇಲ್ಲಿಗೆ ಬಂದವರೆಷ್ಟೋ. ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳು ತಯಾರಾದ ದಿನಗಳನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. 2008ರಲ್ಲಿ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ ಬಾಗಿಲು ಹಾಕಿತು. ಅಲ್ಲಿ ದುಡಿದವರ, ದೋಸೆ ತಿಂದು ಹರಟಿದವರ ಕಥೆಯನ್ನು ಕನ್ನಡದಲ್ಲಿ ಬರೆದಿಡುವವರು ಯಾರು? ನಾವು ಬರೆಯದಿದ್ದರೆ ಆ ಚರಿತ್ರೆ ನಮ್ಮೊಡನೆಯೇ ಮುಗಿಯುತ್ತದೆ.

ಇನ್ನು ದುಡ್ಡಿನ ಮಾತು. “ಸಾಹಿತಿಗಳು ಭಾಷಾಭಿಮಾನದಿಂದ ಬರುತ್ತಾರೆ, ಅವರಿಗೆ ಸಂಭಾವನೆ ಕೊಡುವುದೆಂದರೆ ಅವಮಾನ ಮಾಡಿದಂತೆ” ಎನ್ನುವ ಪದಾಧಿಕಾರಿಗಳಿದ್ದಾರೆ. ಶಾಮಿಯಾನದವನಿಗೆ, ಅಡುಗೆಯವರಿಗೆ, ಧ್ವನಿವರ್ಧಕದವನಿಗೆ, ಹೂವಿನವಳಿಗೆ ಹಣ ಎಣಿಸಿ ಕೊಡುವಾಗ ಯಾರಿಗೂ ಅವಮಾನವಾಗುವುದಿಲ್ಲ. ಲೇಖಕನಿಗೆ ಕೊಡಬೇಕಾದಾಗ ಮಾತ್ರ ನಮಗೆ ಸರಸ್ವತಿ-ಲಕ್ಷ್ಮಿಯರ ವೈರ ನೆನಪಿಗೆ ಬರುತ್ತದೆ! ಆಕಾಶವಾಣಿ ಕೂಡ ಹತ್ತು ನಿಮಿಷದ ಭಾಷಣಕ್ಕೆ ಕರಾರುಪತ್ರ ಬರೆದು ಸಂಭಾವನೆ ಕೊಡುತ್ತ ಬಂದಿದೆ. ಉಪನ್ಯಾಸ ಕೊಡುತ್ತೇವೆ, ಕಮ್ಮಟ ನಡೆಸುತ್ತೇವೆ, ಇಂತಿಷ್ಟು ಕೊಡಿ ಎಂದು ಲೇಖಕರು ಬಾಯಿಬಿಟ್ಟು ಕೇಳಿದರೆ ನಾವು ಹುಬ್ಬು ಗಂಟಿಕ್ಕಬಾರದು. ಹಾಗೆ ಕೇಳುವವರು ಕೆಲಸ ಮಾಡಲು ಸಿದ್ಧರಿರುವವರು. ಕೊಟ್ಟ ಹಣಕ್ಕೆ ಎರಡು ದಿನದ ದುಡಿಮೆಯನ್ನು ನಾವೂ ನಿಸ್ಸಂಕೋಚವಾಗಿ ಕೇಳಬಹುದು.

“ಜನ ಬರುವುದಿಲ್ಲ” ಎಂಬುದು ಇನ್ನೊಂದು ತಕರಾರು. ಐನೂರು ಜನ ಬರುವುದಿಲ್ಲ, ನಿಜ. ಕಮ್ಮಟಕ್ಕೆ ಐನೂರು ಜನ ಬೇಡವೂ ಬೇಡ. ಇಪ್ಪತ್ತು ಜನ ಬಂದು, ಅವರಲ್ಲಿ ಐದು ಮಂದಿ ಓದುವ ಚಟ ಹತ್ತಿಸಿಕೊಂಡರೆ ಐನೂರು ಜನರ ಚಪ್ಪಾಳೆಗಿಂತ ಮೇಲು. ದೂರದ ನೆಪವೂ ಸಲ್ಲದು. 1964ರಿಂದ ಬೃಂದಾವನ ಎಕ್ಸ್‌ಪ್ರೆಸ್ಸು ಬೆಂಗಳೂರಿಗೂ ಈ ಊರಿಗೂ ಓಡಾಡುತ್ತಿದೆ. 2022ರಿಂದ ಮೈಸೂರಿನಿಂದಲೇ ವಂದೇ ಭಾರತ್ ಬರುತ್ತಿದೆ.

ಆದ್ದರಿಂದ ಕಾರ್ಯಕಾರಿ ಸಮಿತಿಗಳ ಮುಂದೆ ನನ್ನ ಸೂಚನೆ ಇಷ್ಟೇ. ವರ್ಷಕ್ಕೆ ಮೂವರು ಲೇಖಕರನ್ನು ಕರೆಸಿ. ಶನಿವಾರ ಸಂಜೆ ಒಂದು ಗಂಟೆಯ ಉಪನ್ಯಾಸ, ಅರ್ಧ ಗಂಟೆ ಪ್ರಶ್ನೋತ್ತರ. ಭಾನುವಾರ ಇಡೀ ದಿನ ಕಮ್ಮಟ. ಬೆಳಗ್ಗೆ ಮಕ್ಕಳಿಗೆ, ಮಧ್ಯಾಹ್ನ ದೊಡ್ಡವರಿಗೆ. ಒಂದು ತಿಂಗಳು ಮುಂಚೆಯೇ ಆ ಲೇಖಕರ ಪುಸ್ತಕದ ಇಪ್ಪತ್ತು ಪ್ರತಿ ತರಿಸಿ ಮಾರಿ. ಸಂಭಾವನೆ, ರೈಲು ಖರ್ಚುಗಳನ್ನು ಆಹ್ವಾನಪತ್ರದಲ್ಲೇ ಬರೆಯಿರಿ. ಕಮ್ಮಟದಲ್ಲಿ ಹುಟ್ಟಿದ ಬರಹಗಳನ್ನು ಇದೇ ಪತ್ರಿಕೆಯಲ್ಲಿ ಅಚ್ಚುಹಾಕಿ. ಖರ್ಚಿಗೆ ದಾರಿ ಕೇಳುವಿರಾದರೆ, ಒಂದು ವರ್ಷ ಶಾಲು, ಪೇಟ, ಸ್ಮರಣಿಕೆಗಳನ್ನು ನಿಲ್ಲಿಸಿ ಲೆಕ್ಕ ಹಾಕಿ ನೋಡಿ.

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಯಾರಾದರೂ ಸದಸ್ಯರು ಎದ್ದು ನಿಂತು, “ಈ ವರ್ಷ ಕರೆಸಿದ ಸಾಹಿತಿಗಳಿಂದ ನಮ್ಮ ಮಕ್ಕಳು ಕಲಿತದ್ದೇನು?” ಎಂದು ಕೇಳಬೇಕು. ಅದಕ್ಕೆ ಉತ್ತರವಾಗಿ ಛಾಯಾಚಿತ್ರಗಳನ್ನು ತೋರಿಸಿದರೆ ಒಪ್ಪಬೇಡಿ.